ಪತ್ರ ಹೋಯಿತು ಎಂದ ಪುಟ

ಈ ಹೆಂಗಸನ್ನು ಊರಿನ ಕಿವುಡರೆಲ್ಲ ಕರೆಯುವುದು ಒಂದು ಸನ್ನೆಯಿಂದ. ಮುಷ್ಟಿ ಕಟ್ಟಿ ಬಾಯಿಯ ಮುಂದೆ ಹಿಡಿಯುತ್ತಾರೆ, ಮೈಕು ಹಿಡಿದ ಹಾಗೆ. ಕಿವುಡರ ಬಳಗದಲ್ಲಿ ಅಪ್ಪ ಅಮ್ಮ ಇಟ್ಟ ಹೆಸರು ದಾಖಲೆಗೆ ಮಾತ್ರ. ಬಳಕೆಗೆ ಸನ್ನೆಯ ಹೆಸರು ಬೇಕು, ಅದನ್ನು ಬಳಗದವರೇ ಇಡಬೇಕು. ತನಗೆ ತಾನೇ ಇಟ್ಟುಕೊಳ್ಳುವ ಹಾಗಿಲ್ಲ. ಇವರ ಅಪ್ಪ ಅಮ್ಮ ಇಬ್ಬರಿಗೂ ಕಿವಿ ಕೇಳುತ್ತಿರಲಿಲ್ಲ, ಮಗಳಿಗೆ ಕೇಳುತ್ತಿತ್ತು. ದನಿ ತಗ್ಗಿಸು ಎನ್ನುವವರೇ ಇಲ್ಲದ ಮನೆಯಲ್ಲಿ ಬೆಳೆದ ಹುಡುಗಿ ಬಾಯಿ ತೆರೆದರೆ ಬಸ್ಸಿನವರೆಲ್ಲ ತಿರುಗಿ ನೋಡುತ್ತಿದ್ದರು. ಆ ತಿರುಗುವ ತಲೆಗಳನ್ನು ಕಂಡು ಅಪ್ಪನ ಗೆಳೆಯರು ಇಟ್ಟ ಹೆಸರು ಅದು. ಕಿವಿ ಕೇಳುವವರ ಬಾಯಲ್ಲಿ ಮೈಕಕ್ಕ ಆಯಿತು.

ಮೈಕಕ್ಕನದು ದುಭಾಷಿಯ ಕಸುಬು. ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ಕೋರ್ಟಿನಲ್ಲೋ ಕಿವುಡರೊಬ್ಬರು ಕೇಳುವವರ ಜೊತೆ ಮಾತಾಡಬೇಕಾದಾಗ ನಡುವೆ ನಿಂತು, ಬಾಯಿಮಾತನ್ನು ಕೈಗೂ ಕೈಮಾತನ್ನು ಬಾಯಿಗೂ ತರುತ್ತಾರೆ. ತನ್ನದೆಂದು ಒಂದು ಮಾತನ್ನೂ ಸೇರಿಸಬಾರದು, ಒಂದನ್ನೂ ನುಂಗಬಾರದು, ಇದು ಕಸುಬಿನ ಕಟ್ಟು. ರೋಗಿ ‘ನನಗೆ ಹೊಟ್ಟೆನೋವು’ ಎಂದರೆ ದುಭಾಷಿಯೂ ‘ನನಗೆ ಹೊಟ್ಟೆನೋವು’ ಎಂದೇ ಹೇಳಬೇಕು. ಡಾಕ್ಟರು ಬೈದರೆ ಬೈಗುಳವನ್ನೂ ದಾಟಿಸಬೇಕು.

“ಊರವರ ಹೊಟ್ಟೆನೋವೆಲ್ಲ ನಂದು. ನನ್ನ ಹೊಟ್ಟೆನೋವು ಮಾತ್ರ ಯಾರದ್ದೂ ಅಲ್ಲ” ಎನ್ನುವುದು ಅವರ ಹಳೆಯ ತಮಾಷೆ.

ಕಿವುಡರ ಸಂಘ ಒಂದು ಸೈಕಲ್ ರಿಪೇರಿ ಅಂಗಡಿಯ ಮೇಲಿನ ಮಹಡಿಯಲ್ಲಿದೆ. ಒಂದೇ ಕೋಣೆ, ನಡುವೆ ದುಂಡು ಮೇಜು. ಉದ್ದನೆಯ ಮೇಜಿನಲ್ಲಿ ಕುಳಿತರೆ ಪಕ್ಕದವರ ಕೈ ಕಾಣಿಸುವುದಿಲ್ಲ. ಬಾಗಿಲ ಗುಂಡಿ ಒತ್ತಿದರೆ ಗಂಟೆ ಬಾರಿಸುವ ಬದಲು ಸೂರಿನ ಬಲ್ಬು ಮಿಣುಕುತ್ತದೆ. ಕಾರ್ಯದರ್ಶಿ ಹಿಂದೆ ಮುದ್ರಣಾಲಯದಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವರು, ಅವರೂ ಕಿವುಡರೇ. ಯಂತ್ರಗಳ ಗದ್ದಲಕ್ಕೆ ಮಿಕ್ಕವರೆಲ್ಲ ನಿಧಾನವಾಗಿ ಕಿವುಡರಾಗುತ್ತಿದ್ದರು, ತಾನು ಮೊದಲೇ ಆಗಿ ಬಂದಿದ್ದೆ ಎಂದು ಅವರು ಹೇಳಿಕೊಳ್ಳುತ್ತಾರೆ.

ಯಾರಿಗೆ ಎಲ್ಲಿ ದುಭಾಷಿ ಬೇಕೆಂಬುದು ಈ ಕೋಣೆಯಲ್ಲೇ ಗೊತ್ತಾಗುತ್ತಿತ್ತು. ಕಿವುಡರಿಂದ ಫೋನು ಮಾಡಲಾಗದು. ಮೊಬೈಲಿನ ಮೆಸೇಜನ್ನು ಕೋರ್ಟು, ಆಸ್ಪತ್ರೆಗಳು ಪತ್ರವೆಂದು ಒಪ್ಪುವುದಿಲ್ಲ, ಇಮೇಲೇ ಆಗಬೇಕು. ಹಾಗಾಗಿ ಮೈಕಕ್ಕ ತಾವೇ ಪುಸ್ತಕ ಓದಿ, ವಿಡಿಯೊ ನೋಡಿ ಪ್ರೋಗ್ರಾಮಿಂಗ್ ಕಲಿತರು. ಒಂದು ಪ್ರೋಗ್ರಾಂ ಬರೆದರು. ಕಾರ್ಯದರ್ಶಿ ದಿನ, ಜಾಗ, ಹೆಸರು ತುಂಬಿದರೆ ಬಿಡುವಿರುವ ದುಭಾಷಿಯನ್ನು ಅದೇ ಆರಿಸಿ ಪತ್ರ ಕಳಿಸುತ್ತಿತ್ತು.

ಆ ಪ್ರೋಗ್ರಾಮಿನ ಜೊತೆಗೆ ಮೈಕಕ್ಕ ಒಂದು ನಿಯಮವನ್ನೂ ಮಾಡಿದರು. ಬರಲಾಗದಿದ್ದರೆ ಮಾತ್ರ ಉತ್ತರ ಬರೆಯಿರಿ. ಉತ್ತರ ಇಲ್ಲವೆಂದರೆ ಬರುತ್ತೀರಿ ಎಂದೇ ಲೆಕ್ಕ. ಕೇಳುವವರಿಗೆ ಇದು ವಿಚಿತ್ರವೆನಿಸಬಹುದು. ಆದರೆ ಕೆಲಸದಲ್ಲಿರುವ ದುಭಾಷಿಯ ಎರಡೂ ಕೈ ಇನ್ನೊಬ್ಬರ ಮಾತಿಗೆ ಮೀಸಲು. ಆಪರೇಷನ್ ಬಗ್ಗೆ ಡಾಕ್ಟರು ವಿವರಿಸುತ್ತಿರುವಾಗ ಅವರು ಫೋನು ಹಿಡಿದರೆ ರೋಗಿಯ ಬಾಯಿ ಕಟ್ಟಿದ ಹಾಗೆ. ನಿಯಮ ಎಲ್ಲರಿಗೂ ಹಿಡಿಸಿತು. ವರ್ಷಗಟ್ಟಲೆ ಯಾರೂ ಎಲ್ಲಿಯೂ ತಪ್ಪಿಸಿಕೊಳ್ಳಲಿಲ್ಲ.

ಸಂಘದ ಹಳೆಯ ಕಂಪ್ಯೂಟರ್ ಕೆಟ್ಟು ಹೊಸದು ಬಂದಾಗ, ಮೈಕಕ್ಕ ಪ್ರೋಗ್ರಾಂ ಬರೆದಿದ್ದ ಕಂಪ್ಯೂಟರ್ ಭಾಷೆಯ ಹೊಸ ಆವೃತ್ತಿಯೂ ಅದರ ಜೊತೆಗೇ ಬಂತು. ಆ ಭಾಷೆಯಲ್ಲಿ ಇಮೇಲ್ ಕಳಿಸಲು ಸಿದ್ಧ ಕೋಡಿನ ಒಂದು ಕಟ್ಟು ಇದೆ, ಲೈಬ್ರರಿ ಎನ್ನುತ್ತಾರೆ. ಅದನ್ನು ಬಳಸುವ ಬಗೆ ಜಾಲತಾಣದ ಕೈಪಿಡಿಯಲ್ಲಿದೆ. ಮೈಕಕ್ಕ ಆ ಪುಟವನ್ನು ಮೇಲಿಂದ ಕೆಳಗಿನವರೆಗೆ ಓದಿದರು. ತಲೆಯ ಮೇಲೆ ಹೊಸ ಆವೃತ್ತಿಯ ಸಂಖ್ಯೆ ದಪ್ಪಕ್ಷರದಲ್ಲಿತ್ತು. ಅದರ ಕೆಳಗಿದ್ದ ಉದಾಹರಣೆ ಅವರು ಹಿಂದೆ ಬರೆದ ಕೋಡಿನಂತೆಯೇ ಇತ್ತು. ‘ತಪ್ಪಿನ ಸೂಚನೆ ಬಾರದಿದ್ದರೆ ಪತ್ರ ಹೋಯಿತು ಎಂದು ತಿಳಿಯಬಹುದು’ ಎಂಬ ಸಾಲೂ ಇತ್ತು. ಅವರು ಒಂದು ಪತ್ರ ಕಳಿಸಿ ನೋಡಿದರು. ತಪ್ಪಿನ ಸೂಚನೆ ಬರಲಿಲ್ಲ. ಮಾರನೆಯ ದಿನ ಪತ್ರವೂ ತಲುಪಿತ್ತು. ಅಲ್ಲಿಗೆ ಮುಗಿಯಿತು ಅಂದುಕೊಂಡರು.

ಈಗ ಬಡಗಿಯ ಸಂಗತಿ.

ಬಡಗಿ ಹುಟ್ಟು ಕಿವುಡರು, ಶಾಲೆಗೆ ಹೋದವರಲ್ಲ. ಮೈಕಕ್ಕನ ಅಪ್ಪ ಕೆಲಸ ಮಾಡುತ್ತಿದ್ದ ಪೀಠೋಪಕರಣದ ಕಾರ್ಖಾನೆಯಲ್ಲೇ ಅವರು ಕಸುಬು ಕಲಿತರು. ಅಲ್ಲಿನ ಕಿವುಡ ಕೆಲಸಗಾರರು ತಮ್ಮ ತಮ್ಮಲ್ಲೇ ಕಟ್ಟಿಕೊಂಡ ಸನ್ನೆಯೇ ಅವರ ಭಾಷೆ. ಹೆಂಡತಿ ತೀರಿಕೊಂಡ ಮೇಲೆ, ಕಿವಿ ಕೇಳುವ ಒಬ್ಬಳೇ ಮಗಳನ್ನು ತಾವೇ ಸಾಕುತ್ತಿದ್ದರು. ಹುಡುಗಿಯ ಸೋದರಮಾವ ಕುಟುಂಬ ನ್ಯಾಯಾಲಯಕ್ಕೆ ಅರ್ಜಿ ಹಾಕಿದ. ಮನೆಯಲ್ಲಿ ಮಗು ಅತ್ತರೆ ಕೇಳಿಸಿಕೊಳ್ಳುವವರು ಯಾರೂ ಇಲ್ಲ, ಮಗುವಿನ ಒಳ್ಳೆಯದಕ್ಕೆ ತನ್ನ ಸುಪರ್ದಿಗೆ ಕೊಡಬೇಕು ಎಂದು ಕೇಳಿದ್ದ.

ಬಡಗಿ ಸಂಘಕ್ಕೆ ಬಂದು ಕೋರ್ಟಿನ ದಿನಾಂಕ ತೋರಿಸಿದರು. ಕಾರ್ಯದರ್ಶಿ ತುಂಬಿಸಿದರು. ಪ್ರೋಗ್ರಾಂ ಮೈಕಕ್ಕನನ್ನೇ ಆರಿಸಿತು. ಪರದೆಯ ಮೇಲೆ ‘ಕಳುಹಿಸಲಾಗಿದೆ’ ಎಂದು ಬಂತು. ಉತ್ತರ ಬರಲಿಲ್ಲ. ಉತ್ತರ ಇಲ್ಲವೆಂದರೆ ಬರುತ್ತಾರೆ.

ವಿಚಾರಣೆಯ ದಿನ ಬಡಗಿ ಒಗೆದ ಅಂಗಿ ತೊಟ್ಟು ನ್ಯಾಯಾಲಯದ ಬಾಗಿಲಲ್ಲಿ ಮೈಕಕ್ಕನಿಗಾಗಿ ಕಾದರು. ಹೆಸರು ಕೂಗಿದ್ದು ಅವರಿಗೆ ಗೊತ್ತಾಗಲಿಲ್ಲ. ಜವಾನ ತೋಳು ಹಿಡಿದು ಒಳಗೆ ಕರೆದೊಯ್ದ. ಮಾವನ ವಕೀಲರು ಮಾತಾಡಿದರು. ಬಡಗಿಯೂ ಕೈಯಲ್ಲಿ ಮಾತಾಡಿದರು, ಬಹಳ ಹೊತ್ತು. ಆದೇಶದಲ್ಲಿ ಹೀಗೆ ಬರೆದಿತ್ತು: ‘ಎದುರುದಾರರು ಹಾಜರಿದ್ದರು. ಹೇಳುವುದು ಏನೂ ಇಲ್ಲ.’ ಮಗುವನ್ನು ಸದ್ಯಕ್ಕೆ ಸೋದರಮಾವನ ಮನೆಯಲ್ಲಿ ಇರಿಸಬೇಕೆಂದು ಆದೇಶವಾಯಿತು. ಆ ಸಂಜೆಯೇ ಹುಡುಗಿಯನ್ನು ಕರೆದುಕೊಂಡು ಹೋದರು.

ಮೈಕಕ್ಕನಿಗೆ ಪತ್ರ ತಲುಪಿದ್ದು ಇದೆಲ್ಲ ಮುಗಿದ ಮೇಲೆ. ಆಸ್ಪತ್ರೆಯ ಕೆಲಸ ಮುಗಿಸಿ ಬಸ್ ನಿಲ್ದಾಣದಲ್ಲಿ ಫೋನು ತೆಗೆದರೆ ಸಂಘದ ಪತ್ರಗಳು ಒಟ್ಟಿಗೇ ಬಿದ್ದವು. ಒಂದರಲ್ಲಿ ಬಡಗಿಯ ಹೆಸರಿತ್ತು. ಕಳೆದುಹೋದ ದಿನಾಂಕವಿತ್ತು. ಅವರು ಮನೆಯ ಬಸ್ಸು ಬಿಟ್ಟು ಸಂಘದ ಮಹಡಿ ಹತ್ತಿದರು.

ಕಾರ್ಯದರ್ಶಿ ಪರದೆಯನ್ನು ಅವರತ್ತ ತಿರುಗಿಸಿದರು. ಮಾತೆಲ್ಲ ಕೈಯಲ್ಲೇ ನಡೆಯಿತು.

“ಬಡಗಿ ಬಂದು ಹೇಳಿದ ದಿನವೇ ಕಳಿಸಿದೀನಿ. ನೋಡು, ಬರೆದಿದೆ.”

“ನನಗೆ ಬಂದಿಲ್ಲ. ಈಗ ಬಂತು.”

“ನೀನು ಬೇಡ ಅಂತ ಉತ್ತರ ಬರೀಲಿಲ್ಲ.”

“ಬರದೇ ಇರೋ ಪತ್ರಕ್ಕೆ ಏನಂತ ಬರೀಲಿ?”

“ಬರೀಲಿಲ್ಲ ಅಂದ್ರೆ ಬರ್ತೀಯ ಅಂತ. ನಿಯಮ ನಿಂದೇ. ನಾನು ಮೊಳೆ ಜೋಡಿಸೋನು, ಕೊಟ್ಟಿದ್ದನ್ನ ಜೋಡಿಸ್ತೀನಿ.”

ಮೈಕಕ್ಕ ಕುರ್ಚಿ ಎಳೆದುಕೊಂಡು ಕುಳಿತರು. ತಮ್ಮ ಕೋಡನ್ನು ಜರಡಿ ಹಿಡಿದರು, ತಪ್ಪು ಸಿಗಲಿಲ್ಲ. ಕೊನೆಗೆ ಲೈಬ್ರರಿಯ ಒಳಗಿನ ಕೋಡನ್ನೇ ತೆರೆದು ಓದಿದಾಗ ವಿಷಯ ಬಯಲಾಯಿತು. ಹಳೆಯ ಆವೃತ್ತಿಯಲ್ಲಿ ‘ಕಳುಹಿಸು’ ಎಂಬ ಆಜ್ಞೆ ಕೊಟ್ಟ ಕ್ಷಣವೇ ಪತ್ರ ಹೊರಡುತ್ತಿತ್ತು. ಹೊಸದರಲ್ಲಿ ಅದೇ ಆಜ್ಞೆ ಪತ್ರವನ್ನು ಬರೀ ಸರದಿಯಲ್ಲಿ ನಿಲ್ಲಿಸುತ್ತದೆ. ಒಂದಷ್ಟು ಪತ್ರಗಳು ಕೂಡಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಹೊರಡಿಸುತ್ತದೆ. ಕೂಡಲೇ ಹೋಗಬೇಕಾದರೆ ಕೊನೆಯಲ್ಲಿ ಇನ್ನೊಂದು ಆಜ್ಞೆ ಬೇಕು. ಕೈಪಿಡಿಯ ಪುಟದಲ್ಲಿ ಆ ಆಜ್ಞೆಯ ಸುಳಿವೇ ಇಲ್ಲ. ಕೆಲಸ ಹೆಚ್ಚಿರುವ ವಾರಗಳಲ್ಲಿ ಸರದಿ ಬೇಗ ತುಂಬುತ್ತಿತ್ತು, ಯಾರಿಗೂ ವ್ಯತ್ಯಾಸ ತಿಳಿಯಲಿಲ್ಲ. ಬಡಗಿಯ ವಾರ ಕೆಲಸ ಕಡಿಮೆಯಿತ್ತು.

ಬಿಟ್ಟುಹೋಗಿದ್ದ ಆ ಸಾಲನ್ನು ಸೇರಿಸಲು ಹಿಡಿದದ್ದು ಒಂದು ಉಸಿರಿನಷ್ಟು ಹೊತ್ತು. ಅವರಿಗೆ ಸಿಟ್ಟು ಹತ್ತಿದ್ದು ಅದಾದ ಮೇಲೆ.

“ಓದದೆ ಬರೆದಿದ್ರೆ ನನ್ನ ತಲೆ ಮೇಲೆ ಹಾಕ್ಕೊಳ್ತಿದ್ದೆ” ಎಂದು ಅವರು ಈಗಲೂ ಹೇಳುತ್ತಾರೆ. “ಓದಿ ಬರೆದೆ. ಅವರು ಹೇಳಿದ ಹಾಗೇ ಬರೆದೆ.”

ಆ ಭಾಷೆಯನ್ನು ನೋಡಿಕೊಳ್ಳುವವರು ಬೇರೆ ಬೇರೆ ದೇಶಗಳಲ್ಲಿ ಕುಳಿತ ಸ್ವಯಂಸೇವಕರು. ಯಾರಿಗೂ ಸಂಬಳವಿಲ್ಲ. ತಪ್ಪು ಕಂಡರೆ ತಿಳಿಸಲು ಎಲ್ಲರಿಗೂ ಕಾಣುವ ಒಂದು ದೂರಿನ ಅಂಕಣವಿದೆ. ಮೈಕಕ್ಕ ದೂರು ಬರೆದರು. ಅದು ಹಳೆಯ ದೂರೊಂದರ ನಕಲು ಎಂದು ಹೇಳಿ ಮುಚ್ಚಿದರು. ಹಳೆಯ ದೂರು ತೆರೆದು ನೋಡಿದರೆ, ವರ್ಷಗಳ ಹಿಂದೆಯೇ ಯಾರೋ ಇದೇ ತಪ್ಪನ್ನು ಇದೇ ಪುಟದಲ್ಲಿ ತೋರಿಸಿದ್ದರು. ಕೆಳಗೆ ಊರೂರಿನವರು ‘ನನಗೂ ಹೀಗೇ ಆಯಿತು’ ಎಂದು ಬರೆಯುತ್ತ ಬಂದಿದ್ದರು. ಒಬ್ಬನ ಅಂಗಡಿಯ ಗಿರಾಕಿಗಳು ಕೈಬಿಟ್ಟುಹೋಗಿದ್ದರು. ಒಬ್ಬ ಉಪಾಧ್ಯಾಯಿನಿಯ ಪರೀಕ್ಷೆಯ ಸೂಚನೆ ಪರೀಕ್ಷೆ ಮುಗಿದ ಮೇಲೆ ತಲುಪಿತ್ತು. ಎಲ್ಲದರ ನಡುವೆ ಸ್ವಯಂಸೇವಕರೊಬ್ಬರ ಒಂದೇ ಒಂದು ಸಾಲಿನ ಉತ್ತರವಿತ್ತು: ‘ತಿದ್ದುಪಡಿಗಳಿಗೆ ಸ್ವಾಗತ.’

ಸ್ವಾಗತ ಎಂಬ ಆ ಪದ ಮೈಕಕ್ಕನ ಮೈಯೆಲ್ಲ ಉರಿಸಿತು. ಅವರು ಮನೆಗೆ ಹೋಗಿ ಪಾತ್ರೆ ತೊಳೆಯಲು ನಿಂತರು. ತೊಳೆದರು ಎನ್ನುವುದಕ್ಕಿಂತ ಕುಕ್ಕಿದರು ಎನ್ನಬೇಕು. ಅಮ್ಮ ಅಡುಗೆಮನೆಯ ಬಾಗಿಲಲ್ಲಿ ಕುಳಿತು ನೋಡುತ್ತಿದ್ದರು.

“ನೀನು ಎಷ್ಟು ಕುಕ್ಕಿದರೂ ನನಗೆ ಕೇಳಲ್ಲ” ಎಂದರು ಅಮ್ಮ, ಕೈಯಲ್ಲಿ. “ಕಂಪ್ಯೂಟರಿನವರಿಗೂ ಕೇಳಲ್ಲ. ತಪಲೆ ನೆಗ್ಗುತ್ತೆ, ಅಷ್ಟೇ.”

“ಅಮ್ಮ, ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ಬಿಟ್ಟಿದ್ರು.”

“ನಿಮ್ಮಜ್ಜಿಗೂ ಎಲ್ಲ ಗೊತ್ತಿತ್ತು.”

ಅಜ್ಜಿಯ ಮಾತು ಆ ಮನೆಯಲ್ಲಿ ಸುಮ್ಮನೆ ಬರುವುದಿಲ್ಲ. ಮೈಕಕ್ಕ ಹಾಲು ಕುಡಿಯುವ ಮಗುವಾಗಿದ್ದಾಗ, ಕಿವುಡರ ಕೈಯಲ್ಲಿ ಕೂಸು ಉಳಿಯುವುದಿಲ್ಲ ಎಂದು ಅಪ್ಪನ ತಾಯಿ ಅವರನ್ನು ಎತ್ತಿಕೊಂಡು ತಮ್ಮ ಮನೆಗೆ ಹೋಗಿದ್ದರು. ಅಪ್ಪ ಕೆಲಸ ಬಿಟ್ಟು ಆ ಮನೆಯ ಜಗಲಿಯ ಮೇಲೆ ಹೋಗಿ ಕುಳಿತರು. ಊಟಕ್ಕೆ ಕರೆದರೂ ಏಳಲಿಲ್ಲ, ಬೈದರೂ ಏಳಲಿಲ್ಲ; ಬೈದದ್ದು ಹೇಗೂ ಕೇಳುತ್ತಿರಲಿಲ್ಲ. ನೆರೆಹೊರೆಯವರ ಎದುರು ಮರ್ಯಾದೆ ಹೋಗುತ್ತದೆಂದು ಅಜ್ಜಿ ಕೂಸನ್ನು ತಂದು ಮಡಿಲಿಗೆ ಹಾಕಿದರಂತೆ. ಬಡಗಿಯ ಮನೆಯಲ್ಲಿ ಆದದ್ದು ಮೈಕಕ್ಕನಿಗೆ ಯಾರದೋ ಮನೆಯ ಕತೆಯಾಗಿರಲಿಲ್ಲ.

ಸಂಘ ಬಡಗಿಯ ಪರವಾಗಿ ಮರುವಿಚಾರಣೆಗೆ ಅರ್ಜಿ ಬರೆದುಕೊಟ್ಟಿತು. ದುಭಾಷಿಗೆ ಪತ್ರ ತಲುಪಿರಲಿಲ್ಲ, ಆದ್ದರಿಂದ ಎದುರುದಾರರ ಮಾತು ನ್ಯಾಯಾಲಯಕ್ಕೆ ಕೇಳಿಸಿಯೇ ಇಲ್ಲ ಎಂದು ಅದರಲ್ಲಿತ್ತು. ಮಾವನ ವಕೀಲರು ಆಕ್ಷೇಪಣೆ ಸಲ್ಲಿಸಿದರು. ಅದಕ್ಕೆ ಒಂದು ಹಾಳೆ ಲಗತ್ತಿಸಿದ್ದರು. ಮೈಕಕ್ಕ ಹಾಳೆ ತಿರುಗಿಸಿದರು. ಅದೇ ಕೈಪಿಡಿಯ ಅದೇ ಪುಟ. ‘ತಪ್ಪಿನ ಸೂಚನೆ ಬಾರದಿದ್ದರೆ ಪತ್ರ ಹೋಯಿತು ಎಂದು ತಿಳಿಯಬಹುದು’ ಎಂಬ ಸಾಲಿನ ಕೆಳಗೆ ಕೆಂಪು ಗೆರೆ ಎಳೆದಿತ್ತು. ಸಂಘದ ಯಂತ್ರವೇ ‘ಕಳುಹಿಸಲಾಗಿದೆ’ ಎಂದಿದೆ, ಭಾಷೆಯನ್ನು ಮಾಡಿದವರೇ ಅದರ ಅರ್ಥ ಹೀಗೆಂದು ಬರೆದಿದ್ದಾರೆ. ಪತ್ರ ಹೋಗಿದೆ, ದುಭಾಷಿ ಅಸಡ್ಡೆಯಿಂದ ಬಂದಿಲ್ಲ. ಸಂಘದ ಅಸಡ್ಡೆಗೆ ಮರುವಿಚಾರಣೆ ಬೇಡ. ಆಕ್ಷೇಪಣೆಯ ಸಾರಾಂಶ ಇದು.

ಪುಟದಲ್ಲಿ ತಪ್ಪಿದೆ ಎಂದು ಪುಟದವರಿಂದಲೇ ಹೇಳಿಸಬೇಕಾಯಿತು. ಮೈಕಕ್ಕ ತಿದ್ದುಪಡಿ ಬರೆದು ಕಳಿಸಿದರು. ಸಾಲು ಉದ್ದವಾಗಿದೆ ಎಂದು ವಾಪಸು ಬಂತು. ಮುರಿದು ಕಳಿಸಿದರು. ಉದಾಹರಣೆಯ ಕೊನೆಯಲ್ಲಿ ಖಾಲಿ ಸಾಲು ಬೇಕೆಂದು ವಾಪಸು ಬಂತು. ಸೇರಿಸಿ ಕಳಿಸಿದರು. ‘ಎಚ್ಚರಿಕೆ’ ಎಂಬ ಪದ ಓದುವವರನ್ನು ಗಾಬರಿಪಡಿಸುತ್ತದೆ, ‘ಗಮನಿಸಿ’ ಎಂದು ಮಾಡಿ ಎಂದು ಹೇಳಿ ವಾಪಸು ಕಳಿಸಿದರು.

ಅಲ್ಲಿ ಅವರ ತಾಳ್ಮೆ ಹರಿಯಿತು. ಗಾಬರಿಯಾಗಲಿ ಎಂದೇ ಆ ಪದ ಹಾಕಿದ್ದೇನೆ, ಈ ಪುಟ ನಂಬಿದ್ದಕ್ಕೆ ಒಬ್ಬ ಅಪ್ಪನ ಮಗಳು ಬೇರೆ ಮನೆಯಲ್ಲಿದ್ದಾಳೆ ಎಂದು ಅಂಕಣದಲ್ಲೇ ಬರೆದರು. ಸ್ವಯಂಸೇವಕರೊಬ್ಬರು ಸಮಾಧಾನದಿಂದಲೇ ಉತ್ತರಿಸಿದರು. ತಮಗೂ ಹೊಟ್ಟೆಪಾಡಿನ ಕೆಲಸವಿದೆ, ಮಕ್ಕಳನ್ನು ಮಲಗಿಸಿ ಈ ಕೆಲಸಕ್ಕೆ ಕೂರುತ್ತೇವೆ, ನೂರಾರು ಪುಟಗಳಿವೆ, ನೋಡುವವರು ಬೆರಳೆಣಿಕೆಯಷ್ಟು ಜನ. ದಯವಿಟ್ಟು ಮಾತಿನ ಮೇಲೆ ಹಿಡಿತವಿರಲಿ.

‘ಹಾಗಾದರೆ ಪುಟವನ್ನು ಅಳಿಸಿಬಿಡಿ’ ಎಂದು ಮೈಕಕ್ಕ ಬರೆದರು. ‘ಖಾಲಿ ಪುಟ ಯಾರಿಗೂ ಸುಳ್ಳು ಹೇಳುವುದಿಲ್ಲ. ನಾನು ಹೇಗೋ ಬೇರೆ ದಾರಿ ಹುಡುಕಿಕೊಳ್ಳುತ್ತಿದ್ದೆ.’

ಕೊನೆಗೆ ತಾವೇ ‘ಗಮನಿಸಿ’ ಎಂದು ಬದಲಿಸಿ ಮತ್ತೆ ಕಳಿಸಿದರು. ಈ ಸಲ ಒಪ್ಪಿದರು. ಪುಟ ಸರಿಯಾಯಿತು. ಬದಲಾವಣೆಗಳ ಪಟ್ಟಿಯಲ್ಲಿ ಮೈಕಕ್ಕನ ಹೆಸರು, ಸಂಘದ ವಿಳಾಸ ಮತ್ತು ಒಂದು ಟಿಪ್ಪಣಿ ಸೇರಿತು: ‘ಸಣ್ಣಪುಟ್ಟ ಪದಗಳ ತಿದ್ದುಪಡಿ.’

ಅದನ್ನು ಓದಿ ಕಾರ್ಯದರ್ಶಿ ನಕ್ಕರು. “ಪ್ರೆಸ್ಸಿನಲ್ಲಿ ತಪ್ಪು ಅಚ್ಚಾದರೆ ನಾವು ಪುಸ್ತಕದ ಕೊನೆಗೆ ಒಪ್ಪೋಲೆ ಹಚ್ಚುತ್ತಿದ್ವಿ. ಇಂಥ ಪುಟ, ಇಂಥ ಸಾಲು, ತಪ್ಪು ಇದು, ಸರಿ ಇದು ಅಂತ. ಇವರು ಹಳೇ ತಪ್ಪು ಒರೆಸಿ ಹಾಕಿ ಕೈ ತೊಳ್ಕೊಂಡಿದ್ದಾರೆ.”

ಕೋರ್ಟಿಗೆ ಹೋಗುವ ಮುನ್ನ ಒಂದು ತೀರ್ಮಾನವಾಗಬೇಕಿತ್ತು. ದುಭಾಷಿಯಾಗಿ ನಿಂತವರು ಅದೇ ಪ್ರಕರಣದಲ್ಲಿ ಸಾಕ್ಷಿ ಹೇಳುವ ಹಾಗಿಲ್ಲ. ಮೈಕಕ್ಕ ಸಾಕ್ಷಿಯಾದರೆ ಪತ್ರದ ಸಂಗತಿ, ಪುಟದ ಸಂಗತಿ ಎಲ್ಲವನ್ನೂ ತಮ್ಮ ಬಾಯಿಂದಲೇ ಹೇಳಬಹುದು, ತಮ್ಮ ಮೇಲೆ ಬಂದ ಅಸಡ್ಡೆಯ ಮಾತನ್ನು ತೊಳೆದುಕೊಳ್ಳಬಹುದು. ಆದರೆ ಆಗ ಬಡಗಿಗೆ ಬೇರೆ ದುಭಾಷಿ ಬೇಕು. ಸಂಘದ ಉಳಿದವರೆಲ್ಲ ತರಬೇತಿ ಶಾಲೆಯಲ್ಲಿ ಸನ್ನೆ ಕಲಿತವರು. ಕಾರ್ಖಾನೆಯ ಸನ್ನೆ ಅವರಿಗೆ ಅರ್ಧಂಬರ್ಧ.

“ಯಾವುದಾಗ್ತೀಯ?” ಎಂದು ಕಾರ್ಯದರ್ಶಿ ಕೇಳಿದರು.

“ಬಾಯಿ” ಎಂದರು ಮೈಕಕ್ಕ.

ಕುಟುಂಬ ನ್ಯಾಯಾಲಯದ ಕೋಣೆ ಚಿಕ್ಕದು. ಎತ್ತರದ ಪೀಠವಿಲ್ಲ, ಅಗಲವಾದ ಮೇಜಿನ ಹಿಂದೆ ನ್ಯಾಯಾಧೀಶೆ ಕುಳಿತಿದ್ದರು. ಹಿಂದಿನ ಆದೇಶಕ್ಕೆ ಸಹಿ ಹಾಕಿದವರೂ ಅವರೇ. ಈ ದುಭಾಷಿ ಆಗಬಹುದೇ ಎಂದು ಅವರು ಮಾವನ ವಕೀಲರನ್ನು ಕೇಳಿದರು.

“ಧಾರಾಳವಾಗಿ ಆಗಬಹುದು. ಅವರೇ ಇರಲಿ” ಎಂದು ವಕೀಲರು ಮುಗುಳ್ನಕ್ಕರು. ದುಭಾಷಿಯ ಜಾಗದಲ್ಲಿ ನಿಂತವರು ತಮ್ಮ ಪರವಾಗಿ ಬಾಯಿ ಬಿಡಲಾರರೆಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ತಿದ್ದಿದ ಪುಟದ ಪ್ರತಿಯನ್ನು ಬಡಗಿ ಮೇಜಿನ ಮೇಲಿಟ್ಟರು. ವಕೀಲರು ಅದಕ್ಕೇ ಕಾಯುತ್ತಿದ್ದರೇನೋ. ತಮ್ಮ ಕಡತದಿಂದ ಇನ್ನೊಂದು ಹಾಳೆ ತೆಗೆದರು. ಅದು ಬದಲಾವಣೆಗಳ ಪಟ್ಟಿ.

“ಮೇಡಂ, ಈ ಪುಟ ತಿದ್ದಿದ್ದು ಯಾವಾಗ ಅಂತ ನೋಡಬೇಕು. ನಾವು ಆಕ್ಷೇಪಣೆ ಹಾಕಿದ ಮೇಲೆ. ತಿದ್ದಿದವರು ಯಾರು ಅಂತಲೂ ನೋಡಬೇಕು. ಇಲ್ಲೇ ನಿಂತಿದಾರೆ.”

ಮೈಕಕ್ಕನ ಕೈಗಳು ಆ ಮಾತನ್ನು ಬಡಗಿಗೆ ದಾಟಿಸಿದವು. ತಿದ್ದಿದವರು ಯಾರು ಎಂಬಲ್ಲಿ ಮುಷ್ಟಿ ಕಟ್ಟಿ ತಮ್ಮ ಬಾಯಿಯ ಮುಂದೆ ಹಿಡಿದರು.

“ಕೆಲಸಕ್ಕೆ ಬರಲಿಲ್ಲ. ಬರಲಿಲ್ಲ ಅನ್ನೋದನ್ನ ಮುಚ್ಚೋಕೆ ಪ್ರಪಂಚಕ್ಕೆಲ್ಲ ಕಾಣೋ ಪುಟವನ್ನೇ ತಮಗೆ ಬೇಕಾದ ಹಾಗೆ ತಿದ್ದಿಸಿದ್ದಾರೆ. ಪುಟದವರು ಇದನ್ನ ಏನಂತ ಕರೆದಿದ್ದಾರೆ ನೋಡಿ, ಸಣ್ಣಪುಟ್ಟ ಪದಗಳ ತಿದ್ದುಪಡಿ. ಪತ್ರ ಹೋಗುತ್ತೋ ಇಲ್ಲವೋ ಅನ್ನೋದು ಸಣ್ಣಪುಟ್ಟ ವಿಷಯವಾ? ಇದಕ್ಕೆ ಸಾಕ್ಷ್ಯ ಸೃಷ್ಟಿ ಅಂತ ಹೆಸರು, ಮೇಡಂ.”

ಇದನ್ನೂ ದಾಟಿಸಬೇಕಾಯಿತು. ಒಂದು ಪದವನ್ನೂ ನುಂಗದೆ, ಮುಖದಲ್ಲಿ ವಕೀಲರದೇ ಭಾವ ಇಟ್ಟುಕೊಂಡು. ಸನ್ನೆಯ ಭಾಷೆಯಲ್ಲಿ ಮುಖವೂ ಮಾತಿನ ಭಾಗ. ತಿರಸ್ಕಾರದಿಂದ ಆಡಿದ ಮಾತನ್ನು ತಿರಸ್ಕಾರದ ಮುಖದಲ್ಲೇ ಹೇಳಬೇಕು. ಮೈಕಕ್ಕ ತುಟಿ ಕೊಂಕಿಸಿ, ಹುಬ್ಬೇರಿಸಿ, ತಮ್ಮನ್ನೇ ಬೆರಳಲ್ಲಿ ತೋರಿಸುತ್ತ, ಈ ಹೆಂಗಸು ಕಳ್ಳಿ ಎಂಬುದನ್ನು ಬಡಗಿಗೆ ಸ್ಪಷ್ಟವಾಗಿ ತಿಳಿಸಿದರು. ಗೋಡೆ ಬದಿಯಲ್ಲಿ ಕುಳಿತಿದ್ದ ಕಾರ್ಯದರ್ಶಿ ಎರಡೂ ಅಂಗೈಯನ್ನು ತೊಡೆಯ ಕೆಳಗೆ ಒತ್ತಿಕೊಂಡರು. ಹಾಗೆ ಮಾಡದಿದ್ದರೆ ತಾನೇ ಎದ್ದು ಮಾತಾಡಿಬಿಡುತ್ತಿದ್ದೆ ಎಂದು ಆಮೇಲೆ ಹೇಳಿದರು.

ನ್ಯಾಯಾಧೀಶೆ ಬಡಗಿಯತ್ತ ತಿರುಗಿದರು. “ಇದಕ್ಕೆ ನೀವು ಏನು ಹೇಳ್ತೀರಿ? ನಿಮ್ಮ ಸಂಘದ ಕಡೆಯಿಂದ ತಪ್ಪಾಗಿದೆ ಅಂತಾರೆ.”

ಬಡಗಿ ಮೈಕಕ್ಕನ ಎದುರಿಗೆ ತಿರುಗಿ ಕೈ ಎತ್ತಿದರು. ಮೈಕಕ್ಕನ ಬಾಯಿಂದ ಮಾತು ಹೊರಟಿತು, ಕೋಣೆ ತುಂಬುವ ಆ ದನಿಯಲ್ಲಿ.

“ಹೌದು, ತಪ್ಪಾಗಿದೆ. ಈ ಹೆಂಗಸಿನದೂ ತಪ್ಪಿದೆ. ಉತ್ತರ ಬರದಿದ್ದರೆ ಬರ್ತಾರೆ ಅಂತ ನಿಯಮ ಮಾಡಿದ್ದು ಇವಳು. ಅದು ದುಭಾಷಿಗಳಿಗೆ ಅನುಕೂಲ, ನನಗಲ್ಲ. ಬಾಗಿಲಲ್ಲಿ ಕಾಯ್ತಾ ನಿಂತಿದ್ದವನು ನಾನು. ಇವಳು ಬರ್ತಾಳೋ ಇಲ್ಲವೋ ಅಂತ ನನಗೆ ಯಾರೂ ಹೇಳ್ಲಿಲ್ಲ, ನಾನು ಕೇಳೋಕೂ ದಾರಿ ಇರಲಿಲ್ಲ. ನನಗೆ ಇವಳ ಮೇಲೆ ಸಿಟ್ಟಿದೆ.”

ವಕೀಲರು ಕಡತ ಮುಚ್ಚಿದರು. ಇಷ್ಟು ಸಾಕು ಎನ್ನುವಂತೆ ಕುರ್ಚಿಗೆ ಒರಗಿದರು. ಬಡಗಿಯ ಕೈ ಇನ್ನೂ ಮೇಲೆಯೇ ಇತ್ತು.

“ಪುಟದವರದು ತಪ್ಪಿದ್ದರೆ ಅದು ಅವರದು. ನನಗೆ ಓದೋಕೆ ಬರಲ್ಲ, ಪುಟದ ಜಗಳ ನನಗೆ ಬೇಡ. ಆದರೆ ಆ ದಿನ ನಾನು ಬಂದಿದ್ದೆ. ಇದೇ ಜಾಗದಲ್ಲಿ ನಿಂತು ಮಾತಾಡಿದೆ. ನನ್ನ ಕೈ ಆಡಿದ್ದನ್ನ ನೀವು ನೋಡಿದ್ರಿ, ಈ ವಕೀಲರು ನೋಡಿದ್ರು, ಬಾಗಿಲಲ್ಲಿ ನಿಂತವರೂ ನೋಡಿದ್ರು. ಅರ್ಥ ಆಗಲಿಲ್ಲ ಅಂತ ಬರೀಬಹುದಿತ್ತು. ಹೇಳುವುದು ಏನೂ ಇಲ್ಲ ಅಂತ ಬರೆದಿದ್ದೀರಿ. ಅದನ್ನ ಬರೆದದ್ದು ಯಾವ ಕಂಪ್ಯೂಟರ್?”

ಗುಮಾಸ್ತ ಟೈಪು ಮಾಡುವುದನ್ನು ನಿಲ್ಲಿಸಿದ. ನ್ಯಾಯಾಧೀಶೆ ಹಳೆಯ ಆದೇಶವನ್ನು ಎಳೆದುಕೊಂಡು ಓದಿದರು. ತಲೆ ಎತ್ತಿದಾಗ ವಕೀಲರ ಕಡೆ ನೋಡಲಿಲ್ಲ.

“ಆ ದಿನ ಏನು ಹೇಳಿದ್ರಿ?”

“ಮಗು ಅತ್ತರೆ ಗೊತ್ತಾಗಲ್ಲ ಅಂತ ಭಾವ ಬರೆದಿದ್ದಾರೆ. ಅವಳು ನನ್ನ ಬೆನ್ನಿಗೆ ಬೆನ್ನು ಹಚ್ಚಿ ಮಲಗ್ತಾಳೆ. ಜ್ವರ ಬಂದರೆ ಅವಳಿಗಿಂತ ಮೊದಲು ನನ್ನ ಬೆನ್ನಿಗೆ ಗೊತ್ತಾಗುತ್ತೆ. ಅತ್ತರೆ ಬೆನ್ನು ನಡುಗುತ್ತೆ. ಭಾವನ ಮನೆಯಲ್ಲಿ ಅವಳಿಗೆ ಬೇರೆ ಕೋಣೆ ಇದೆಯಂತೆ. ಕಿವಿ ಇರೋರು ಬಾಗಿಲು ಹಾಕ್ಕೊಂಡು ಮಲಗ್ತಾರೆ. ಆ ದಿನವೂ ಇದನ್ನೇ ಹೇಳ್ದೆ.”

‘ನನ್ನ ಬೆನ್ನಿಗೆ’ ಎಂದು ಹೇಳುವಾಗ ಮೈಕಕ್ಕನ ದನಿ ಒಮ್ಮೆ ಬಿರಿಯಿತು. ಆ ಜಾಗದಲ್ಲಿ ‘ನಾನು’ ಎಂದರೆ ಬಡಗಿಯೇ ಆಗುವುದರಿಂದ, “ದುಭಾಷಿ ಕ್ಷಮೆ ಕೇಳುತ್ತಾರೆ” ಎಂದು ನಿಯಮದ ಪ್ರಕಾರ ಹೇಳಿ ಮುಂದುವರಿಸಿದರು.

ಆದೇಶ ಮಧ್ಯಾಹ್ನ ಬಂತು. ಹಿಂದಿನ ಆದೇಶ ರದ್ದು. ಪ್ರಕರಣ ಮೊದಲಿನಿಂದ ವಿಚಾರಣೆಯಾಗಬೇಕು, ಅಲ್ಲಿಯವರೆಗೆ ಮಗು ತಂದೆಯ ಮನೆಯಲ್ಲಿರಬೇಕು. ಕೈಪಿಡಿಯ ಪುಟದ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ. ಪುಟ ಸರಿಯೋ ತಪ್ಪೋ, ಪತ್ರ ಹೋಯಿತೋ ಇಲ್ಲವೋ, ಸಾಕ್ಷ್ಯ ಸೃಷ್ಟಿಯಾಯಿತೋ ಇಲ್ಲವೋ, ನ್ಯಾಯಾಧೀಶೆ ಯಾವುದಕ್ಕೂ ಕೈ ಹಾಕಿರಲಿಲ್ಲ. ಎದುರುದಾರರು ಮಾತಾಡಿದ್ದರು, ಅದನ್ನು ತಿಳಿದುಕೊಳ್ಳುವ ವ್ಯವಸ್ಥೆ ನ್ಯಾಯಾಲಯದಲ್ಲಿರಲಿಲ್ಲ ಎಂದಷ್ಟೇ ಬರೆದಿದ್ದರು. ಮೈಕಕ್ಕನ ಮೇಲಿನ ಮಾತು ಕಡತದಲ್ಲಿ ಹಾಗೆಯೇ ಉಳಿಯಿತು. ಅದನ್ನು ಅಳಿಸಲು ಅವರು ಅರ್ಜಿ ಹಾಕಬಹುದಿತ್ತು. ಹಾಕಲಿಲ್ಲ. ನಿಯಮವನ್ನು ಮಾತ್ರ ಮಾರನೆಯ ದಿನವೇ ತೆಗೆದುಹಾಕಿದರು. ಈಗ ದುಭಾಷಿ ಬರುತ್ತೇನೆಂದು ಬರೆದರೆ ಮಾತ್ರ ಬರುತ್ತಾರೆಂದು ಅರ್ಥ. ಬರೆಯದಿದ್ದರೆ ಕಾರ್ಯದರ್ಶಿ ಸೈಕಲ್ ಅಂಗಡಿಯವನಿಂದ ಫೋನು ಮಾಡಿಸುತ್ತಾರೆ.

ಕೋರ್ಟಿನ ಹೊರಗಿನ ಓಣಿಯಂಥ ಜಾಗದಲ್ಲಿ ಹುಡುಗಿ ಮಾವನ ಪಕ್ಕದ ಬೆಂಚಿನಲ್ಲಿ ಕುಳಿತಿದ್ದಳು. ಅಪ್ಪನನ್ನು ಕಂಡದ್ದೇ ಓಡಿಬಂದು ಅವರ ಸೊಂಟ ಹಿಡಿದಳು. ಮಾವ ಎದ್ದು ಬಂದ. ಕೆಟ್ಟ ಮನುಷ್ಯನೇನಲ್ಲ; ತಂಗಿಯನ್ನು ಕಳೆದುಕೊಂಡವನು. ಬಡಗಿಯ ಕಡೆ ನೋಡದೆ ಮೈಕಕ್ಕನಿಗೆ ಹೇಳಿದ.

“ಅವನಿಗೆ ಹೇಳಮ್ಮ, ಹುಡುಗಿ ಬಟ್ಟೆಬರೆ ನಾಳೆ ಕಳಿಸ್ಕೊಡ್ತೀನಿ.”

ಮೈಕಕ್ಕ ಹೇಳಿದರು. ಬಡಗಿ ತಲೆ ಅಲ್ಲಾಡಿಸಿದರು. ಮೈಕಕ್ಕ ಅದನ್ನು ಬಾಯಿಗೆ ತಂದರು. “ನಾಳೆ ಅಲ್ಲ. ಈಗಲೇ ನಾನೇ ಬಂದು ತಗೊಂಡು ಹೋಗ್ತೀನಿ. ಅವಳ ಪುಸ್ತಕ, ಚಪ್ಪಲಿ, ಎಲ್ಲ.”

“ಸಿಟ್ಟು ಇನ್ನೂ ಇಳಿದಿಲ್ಲ ಅನ್ಸುತ್ತೆ” ಎಂದ ಮಾವ.

ಅದು ಬಡಗಿಗೆ ಹೇಳಿದ ಮಾತೋ, ತನಗೆ ತಾನೇ ಅಂದುಕೊಂಡದ್ದೋ. ಮೈಕಕ್ಕ ಅದನ್ನೂ ದಾಟಿಸಿದರು. ಬಡಗಿಯ ಎರಡೂ ಕೈ ಮಗಳ ತಲೆಯ ಮೇಲಿದ್ದವು. ಒಂದನ್ನು ಮಾತ್ರ ತೆಗೆದು ಅಡ್ಡಡ್ಡ ಆಡಿಸಿದರು.

“ಇಲ್ಲ, ಇಳಿದಿಲ್ಲ” ಎಂದರು ಮೈಕಕ್ಕ.

ಮಾವ ಮುಂದೆ ನಡೆದ. ಬಡಗಿ ಮಗಳ ಕೈ ಹಿಡಿದು ಅವನ ಹಿಂದೆ ಹೊರಟರು. ಆ ಮನೆಯಲ್ಲೂ ಮಾತು ಬೇಕಾಗುತ್ತದೆಂದು, ಯಾರೂ ಕರೆಯದಿದ್ದರೂ ಮೈಕಕ್ಕ ಮೆಟ್ಟಿಲಿಳಿದು ಅವರ ಜೊತೆ ಸೇರಿಕೊಂಡರು.